ಪಿಜಿ ವೈಫೈಯಲ್ಲಿ ನಾಸ್ ಕಾಣಿಸ್ತಾ ಇಲ್ಲ: ಐಪಿ ಬಂದಿದೆ, ಒಳಗೆ ಹೋಗೋಕೆ ಆಗ್ತಿಲ್ಲ

ರೂಮ್204 | ಗುರುವಾರ, ರಾತ್ರಿ 11:52

ನಮಸ್ಕಾರ ಎಲ್ಲರಿಗೂ. ಮೈಸೂರಿನ ಸರಸ್ವತೀಪುರಂನಲ್ಲಿ ಒಂದು ಪಿಜಿ. ಎರಡನೇ ಮಹಡಿಯ 204ರಲ್ಲಿ ನಾವು ಮೂವರು, ಪಕ್ಕದ 205ರಲ್ಲಿ ಇಬ್ಬರು. ಐದೂ ಜನ ಆರ್ಕಿಟೆಕ್ಚರ್ ಕೊನೇ ವರ್ಷ. ಇಷ್ಟು ದಿನ ನಮ್ಮ ನೆಟ್‌ವರ್ಕ್ ಅಂದ್ರೆ ಒಂದು 64 ಜಿಬಿ ಪೆನ್‌ಡ್ರೈವ್. ಅದು ಹೋದ ತಿಂಗಳು ಯಾರದೋ ಜೀನ್ಸ್ ಜೇಬಿನಲ್ಲಿ ಕೂತು ವಾಷಿಂಗ್ ಮೆಷಿನ್ ಸೇರಿತು. ಆಮೇಲೆ ಐವರೂ ದುಡ್ಡು ಹಾಕಿ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಸಿನಾಲಜಿ ಕಂಪನಿಯ ನಾಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಫೈಲ್ ಇಡೋ ಡಿಸ್ಕ್ ಪೆಟ್ಟಿಗೆ) ಒಂದನ್ನ ತಂದೆವು. ಎರಡು ಡಿಸ್ಕ್ ಹಾಕೋ ಪೆಟ್ಟಿಗೆ, 4 ಟಿಬಿದು ಎರಡು, ಮಿರರ್ ಮಾಡಿದ್ದೇವೆ, ಅಂದ್ರೆ ಒಂದರಲ್ಲಿ ಇರೋದೇ ಇನ್ನೊಂದರಲ್ಲೂ.

ಶಿವಮೊಗ್ಗದ ಮನೆಯಲ್ಲಿ ಸೆಟಪ್ ಮಾಡಿದಾಗ ಬೆಣ್ಣೆ ಥರ ಕೆಲಸ ಮಾಡ್ತಿತ್ತು. ಅಲ್ಲಿ ಕೈಯಾರೆ ಕೊಟ್ಟಿದ್ದ 192.168.1.10 ವಿಳಾಸ ತೆಗೆದು ಮತ್ತೆ ಡಿಎಚ್‌ಸಿಪಿಗೆ, ಅಂದ್ರೆ ವಿಳಾಸ ತಾನಾಗೇ ಸಿಗೋ ವ್ಯವಸ್ಥೆಗೆ ಹಾಕಿಕೊಂಡೇ ಇಲ್ಲಿಗೆ ತಂದೆ (ಮೊದಲು ಅದನ್ನೇ ಕೇಳ್ತೀರ ಅಂತ ಗೊತ್ತು). ಇಲ್ಲಿ ರೂಮಿನ ಗೋಡೆಯಲ್ಲಿ ಲ್ಯಾನ್ ಸಾಕೆಟ್ ಇದೆ, ಅದಕ್ಕೆ ಚುಚ್ಚಿದೆ. 10.20.3.57 ಅನ್ನೋ ಐಪಿ ವಿಳಾಸ ಬಂತು. ನನ್ನ ಲ್ಯಾಪ್‌ಟಾಪ್ ಪಿಜಿ ವೈಫೈಯಲ್ಲಿ 10.20.3.112. ಜಾಲದ ಗಡಿ ಹೇಳೋ ಮಾಸ್ಕ್ ಎರಡಕ್ಕೂ 255.255.252.0. ಅಂದ್ರೆ ಇಬ್ಬರೂ ಒಂದೇ ಬೀದಿಯವರು, ಸರಿ ತಾನೇ? ಆದ್ರೆ ಪಿಂಗ್ ಮಾಡಿದ್ರೆ (ಇದ್ದೀಯಾ ಅಂತ ಕೂಗಿ ನೋಡಿದ್ರೆ) ಟೈಮ್‌ಔಟ್. ಬ್ರೌಸರ್‌ನಲ್ಲಿ ನಾಸ್ ಲಾಗಿನ್ ಪೇಜಿನ ಪೋರ್ಟ್ ನಂಬರ್ 5000 ಹಾಕಿದ್ರೆ ಸುತ್ತುತ್ತೆ, ಸುತ್ತುತ್ತೆ, ಆಮೇಲೆ ಬಿಳಿ ಪೇಜು. ಫೋನಿನಿಂದಲೂ ಅದೇ ಕಥೆ. ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರೇ ಇಲ್ಲ.

ಇನ್ನೊಂದು ವಿಚಿತ್ರ ಇದೆ. 205ರ ಗೆಳೆಯ ತನ್ನ ರೂಮಿನ ಸಾಕೆಟ್‌ಗೆ ಲ್ಯಾಪ್‌ಟಾಪ್ ಹಾಕಿದ್ರೆ ನಾಸ್ ತೆರೆಯುತ್ತೆ. ಅದೇ ಲ್ಯಾಪ್‌ಟಾಪ್ ವೈಫೈಗೆ ಬಂದ್ರೆ ಮಾಯ. ಪೆಟ್ಟಿಗೆ ಹಾಳಾಗಿದೆಯಾ? ವಾಪಸ್ ಕೊಡೋಕೆ ಶನಿವಾರದವರೆಗೆ ಮಾತ್ರ ಟೈಮ್ ಇದೆ.


ಕ್ರಿಂಪಿಂಗ್_ಕಾಕಾ | ಶುಕ್ರವಾರ, ಬೆಳಿಗ್ಗೆ 6:20

ತಮ್ಮಾ, ಪೆಟ್ಟಿಗಿ ಕೆಟ್ಟಿಲ್ಲ. ನೀ ಬರದ ಕಡೀ ಪ್ಯಾರಾದಾಗ ಉತ್ತರ ಐತಿ, ನಿನಗ ಕಂಡಿಲ್ಲ ಅಷ್ಟ. ಆದ್ರೂ ಊಹೆ ಮ್ಯಾಲ ಹೋಗೂದು ಬ್ಯಾಡ, ಒಂದ್ ಎರಡು ಪರೀಕ್ಷೆ ಮಾಡಿ ಇಲ್ಲೇ ಹಾಕು.

ಮೊದಲನೇದು, ಲ್ಯಾಪ್‌ಟಾಪಿನ ವೈಫೈ ಬಂದ್ ಮಾಡು. ಗ್ವಾಡಿ ಬಿಟ್ಟು, ಒಂದ ಕೇಬಲ್‌ಲೇ ನಾಸ್ ಮತ್ತ ಲ್ಯಾಪ್‌ಟಾಪ್ ನೇರ ಕೂಡಿಸು. ಮೊದಲಿನಂಗ ಕ್ರಾಸ್ ಕೇಬಲ್ ಬೇಕಾಗಿಲ್ಲ, ಈಗಿನ ಪೋರ್ಟುಗೋಳು ತಾವ ಹೊಂದಿಸ್ಕೋತಾವ. ಎರಡು ನಿಮಿಷ ಸುಮ್ನ ಕೂಡು. ವಿಳಾಸ ಕೊಡಾವ ಯಾರೂ ಇಲ್ಲಂತ ಎರಡೂ 169.254ರಿಂದ ಸುರು ಆಗೂ ವಿಳಾಸ ತಾವ ಹಾಕ್ಕೋತಾವ. ಆಮ್ಯಾಲ ಸಿನಾಲಜಿ ಅಸಿಸ್ಟಂಟ್ ಹಾಕಿ ಹುಡುಕು. ಸಿಕ್ರ ನಾಸ್ ಆರೋಗ್ಯ ಛಲೋ ಐತಿ.

ಎರಡನೇದು, ಪಿಜಿ ವೈಫೈಯೊಳಗ ಇದ್ಕೊಂಡು ಗೇಟ್‌ವೇಗೆ, ಅಂದ್ರ ಇಂಟರ್ನೆಟ್‌ಗೆ ಹೋಗೂ ಬಾಗಲಕ್ಕ, ಪಿಂಗ್ ಮಾಡು. ಅದು ಉತ್ತರ ಕೊಟ್ಟು, ಉಳಿದ ಯಾರೂ ಕೊಡದಿದ್ರ ಮಾತು ಮುಗೀತು.

ಒಂದು ಎಚ್ಚರ: ಇಬ್ಬರು ಲ್ಯಾಪ್‌ಟಾಪಿನವರು ಒಬ್ಬರಿಗೊಬ್ಬರು ಪಿಂಗ್ ಮಾಡಿ "ಹೋಗೂದಿಲ್ಲ" ಅಂತ ತೀರ್ಮಾನಕ್ಕ ಬರಬ್ಯಾಡ್ರಿ. ಪಬ್ಲಿಕ್ ಅಂತ ಗುರುತು ಮಾಡಿದ ನೆಟ್‌ವರ್ಕಿನ್ಯಾಗ ವಿಂಡೋಸ್ ಫೈರ್‌ವಾಲ್ ಪಿಂಗ್‌ಗೆ ಬಾಯಿ ಬಿಡೂದಿಲ್ಲ. ದಾರಿ ಸರಿ ಇದ್ರೂ ಉತ್ತರ ಬರೂದಿಲ್ಲ. ಎಷ್ಟೋ ಮಂದಿ ಇಲ್ಲೇ ಒಂದ್ ದಿನ ಕಳದಾರ, ನಾನೂ ಕಳದೀನಿ.


ರೂಮ್204 | ಶುಕ್ರವಾರ, ಮಧ್ಯಾಹ್ನ 2:05

ಕಾಕಾ, ನೇರ ಕೇಬಲ್ ಹಾಕಿದ ತಕ್ಷಣ ಸಿಕ್ತು. ಲಾಗಿನ್ ಆಯ್ತು, ಎರಡೂ ಡಿಸ್ಕ್ ಹಸಿರು. ವೈಫೈಯಿಂದ 10.20.0.1ಗೆ ಪಿಂಗ್ ಹೋಗುತ್ತೆ, ಬೇರೆ ಯಾರಿಗೂ ಹೋಗಲ್ಲ. ಹಾಗಾದ್ರೆ ಏನು ಇದು?


ಕ್ರಿಂಪಿಂಗ್_ಕಾಕಾ | ಶುಕ್ರವಾರ, ಸಂಜೆ 7:40

ಇದಕ್ಕ ಐಸೊಲೇಶನ್ ಅಂತಾರ, ಗೆಸ್ಟ್ ಮೋಡ್ ಅಂತನೂ ಅಂತಾರ. ಮದುವಿ ಛತ್ರದಾಗ ಸಾಲಾಗಿ ಖೋಲಿ ಇರ್ತಾವಲ್ಲ, ಹಂಗ ತಿಳ್ಕೋ. ಪ್ರತಿಯೊಬ್ಬರೂ ಮ್ಯಾನೇಜರ್ ಟೇಬಲ್‌ಗೆ ಹೋಗಬಹುದು, ಅಲ್ಲಿಂದ ರಸ್ತೆಗೂ ಹೋಗಬಹುದು. ಮಗ್ಗಲಿನ ಖೋಲಿ ಬಾಗಲಾ ಬಡಿಯೂಹಂಗಿಲ್ಲ. ನಿಮ್ಮ ವೈಫೈ ಡಬ್ಬಿಗೆ ಹೇಳಿಟ್ಟಾರ: ಗೇಟ್‌ವೇ ಒಂದ ಬಿಡು, 10ರಿಂದ ಸುರು ಆಗೂ, 172.16ರಿಂದ 172.31ರ ತನಕದ, 192.168ರ ವಿಳಾಸಕ್ಕ ಹೊಂಟ ಎಲ್ಲಾನೂ ಒಗಿ. ಈ ಮೂರು ಗುಂಪು ಖಾಸಗಿ ಜಾಲಕ್ಕಂತ 1996ರಾಗ ಮೀಸಲಿಟ್ಟ ವಿಳಾಸ. ನಿನ್ನ ನಾಸ್ ಆ ಗುಂಪಿನ್ಯಾಗ ಬಂತು, ಒಗದ್ರು. ಗ್ವಾಡಿ ಸಾಕೆಟ್‌ಗೋಳು ಮಾತ್ರ ಸಾದಾ ನೆಟ್‌ವರ್ಕ್ ಸ್ವಿಚ್ಚಿಗೆ (ಕೇಬಲ್ ಎಲ್ಲಾ ಕೂಡಿಸೂ ಡಬ್ಬಿ) ಹೋಗ್ಯಾವ, ಅಲ್ಲಿ ಯಾವ ತಡೀನೂ ಇಲ್ಲ. ಅದಕ್ಕ ನಿನ್ನ ಗೆಳ್ಯಾಗ ಕೇಬಲ್‌ನ್ಯಾಗ ಕಂಡಿತು.

ಈಗ ನೀ ಓನರ್ ಕಡೆ ಹೋಗಿ "ಅದನ್ನ ತಗಸ್ರಿ" ಅನ್ನಬ್ಯಾಡ. ಅರವತ್ತು ಹುಡುಗ್ರು ಇರೂ ಕಟ್ಟಡದಾಗ ಅದು ಇರಬೇಕಾದ್ದ. ಯಾರದೋ ಲ್ಯಾಪ್‌ಟಾಪಿಗೆ ವೈರಸ್ ಬಂದ್ರ ನಿನ್ನದಕ್ಕ ದಾಟೂದಿಲ್ಲ.

ಅದಕ್ಕಿಂತ ನೀ ಚಿಂತಿ ಮಾಡಬೇಕಾದ್ದು ಬ್ಯಾರೆ ಐತಿ. ಕೇಬಲ್ ಹಾಕಿದ ಪ್ರತಿಯೊಬ್ಬಗೂ ಈಗ ನಿನ್ನ ನಾಸ್ ಲಾಗಿನ್ ಪೇಜು ಕಾಣಾಕತ್ತೈತಿ. ಮೊದಲ ಅದನ್ನ ಗ್ವಾಡಿಯಿಂದ ಕೀಳು. ಒಂದು ಸಣ್ಣ ರೂಟರ್ ತಂದು ನಿಮ್ಮದ ಒಂದು ಓಣಿ ಮಾಡ್ಕೋರಿ. ರೂಟರಿನ ವ್ಯಾನ್ ಪೋರ್ಟ್ (ಹೊರಗಿನ ಜಾಲದ್ದು), ಬಹಳಷ್ಟರಾಗ ನೀಲಿ ಬಣ್ಣದ್ದು, ಒಂಟಿಯಾಗಿ ಇರ್ತೈತಿ, ಅದು ಗ್ವಾಡಿಗೆ. ನಾಸ್, ಲ್ಯಾಪ್‌ಟಾಪ್ ಎಲ್ಲಾ ಹಳದಿ ಲ್ಯಾನ್ ಪೋರ್ಟುಗಳಿಗೆ. ನಿಮ್ಮ ಐದು ಮಂದಿ ರೂಟರಿನ ವೈಫೈ ಹಿಡೀರಿ. ಗ್ವಾಡಿ ವಯರ್ ಅಪ್ಪಿತಪ್ಪಿ ಹಳದಿಗೆ ಹಾಕಬ್ಯಾಡ್ರಿ. ಮತ್ತ ಹೇಳ್ತೀನಿ, ಹಳದಿಗೆ ಹಾಕಬ್ಯಾಡ್ರಿ.


ಎಲ್ಬೆ_ದಂಡೆ | ಶುಕ್ರವಾರ, ರಾತ್ರಿ 10:15

ಡ್ರೆಸ್ಡೆನ್‌ನ ವಿದ್ಯಾರ್ಥಿ ವಸತಿಯಲ್ಲಿದ್ದೇನೆ, ನಾನು ದಾವಣಗೆರೆಯವನು. ಇಲ್ಲಿನ ಹಾಸ್ಟೆಲ್ ನೆಟ್‌ವರ್ಕ್ ನಡೆಸೋದು ವಿದ್ಯಾರ್ಥಿಗಳೇ, ಎಜಿ ಡಿಎಸ್‌ಎನ್ ಅಂತ ಒಂದು ಸಂಘ, ಎಲ್ಲ ಸ್ವಯಂಸೇವೆ. ನಾನು ಬಂದ ಹೊಸದರಲ್ಲಿ ಯಾರಿಗೂ ಹೇಳದೆ ಊರಿಂದ ತಂದ ರೂಟರ್ ಹಾಕಿ ಮಾತು ಕೇಳಿದ್ದೇನೆ. ಬೈದದ್ದು ರೂಟರ್ ಹಾಕಿದ್ದಕ್ಕಲ್ಲ, ಹೇಳದೆ ಹಾಕಿದ್ದಕ್ಕೆ. ನಿಮ್ಮ ಪಿಜಿಯಲ್ಲಿ ಬರೆದಿಟ್ಟ ನಿಯಮ ಇರಲಿ ಬಿಡಲಿ, ಮೊದಲೇ ಓನರ್ ಕಿವಿಗೆ ಒಂದು ಮಾತು ಹಾಕಿ. ಏನಾದ್ರೂ ಕೆಟ್ಟರೆ ಮೊದಲು ಬೆರಳು ತೋರಿಸೋದು ನಿಮ್ಮ ಪೆಟ್ಟಿಗೆ ಕಡೆಗೇ.


ರೂಮ್204 | ಶನಿವಾರ, ಮಧ್ಯಾಹ್ನ 1:30

ರೂಟರ್ ಬಂತು! ಸೀನಿಯರ್ ಒಬ್ಬರ ಹಳೇದು, ಬಿಟ್ಟಿ. ನೀಲಿ ಪೋರ್ಟ್ ಗೋಡೆಗೆ. ಪಿಜಿ ವೈಫೈಗೆ ಒಟಿಪಿ ಹಾಕೋ ಪೇಜ್ ಬರುತ್ತಲ್ಲ, ಅದೇ ಪೇಜ್ ರೂಟರ್ ಹಿಂದಿರೋ ನನ್ನ ಲ್ಯಾಪ್‌ಟಾಪ್‌ನಲ್ಲಿ ಬಂತು. ಒಟಿಪಿ ಹಾಕಿದೆ, ಐದೂ ಜನಕ್ಕೆ ಇಂಟರ್ನೆಟ್ ಬಂತು. ನಾಸ್‌ಗೆ 192.168.0.10 ರಿಸರ್ವ್ ಮಾಡಿದೆ, ಎಲ್ಲರ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತೆ. ಕಾಕಾ, ನಿಮಗೆ ಒಂದು ಮೈಲಾರಿ ದೋಸೆ ಸಾಲ. ಓನರ್ ಅಂಕಲ್ ಊರಲ್ಲಿಲ್ಲ, ಸೋಮವಾರ ಹೇಳ್ತೇವೆ.


ಕಡಲತಡಿ_ಸರ್ವರ್ | ಶನಿವಾರ, ಮಧ್ಯಾಹ್ನ 3:10

ಒಂದು ಮಾತು ಉಂಟು ಮಾರಾಯ್ರೆ. ಒಟಿಪಿ ಬಂದದ್ದು ಯಾರ ನಂಬರಿಗೆ? ನಿಮ್ಮದಕ್ಕಲ್ವಾ? ಆ ಒಟಿಪಿ ಪೇಜಿಗೆ ಕಾಣುವುದು ರೂಟರಿನ ಒಂದು ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ಮಾತ್ರ, ಅದರ ಹಿಂದೆ ಐದು ಜನ ಇದ್ದದ್ದು ಅದಕ್ಕೆ ಗೊತ್ತಿಲ್ಲ. ನಾಳೆ ಯಾರೋ ಎಂತದೋ ಡೌನ್‌ಲೋಡ್ ಮಾಡಿ ಕೇಳಿಕೊಂಡು ಬಂದರೆ ಲಾಗ್‌ನಲ್ಲಿ ಇರುವುದು ನಿಮ್ಮ ನಂಬರ್. ಗೆಳೆಯರ ಮೇಲೆ ಅಷ್ಟು ನಂಬಿಕೆ ಇದ್ದರೆ ಸರಿ.

ನಾನಾದರೆ ಗೋಡೆಗೆ ಹಾಕುವುದೇ ಇಲ್ಲ. ನಾಸ್‌ಗೆ ಇಂಟರ್ನೆಟ್ ಎಂತಕ್ಕೆ? ಒಂದು ಸಾದಾ ಸ್ವಿಚ್ಚಿಗೆ ನಾಸ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಕೇಬಲ್‌ನಲ್ಲಿ ಸೇರಿಸುವುದು, ಇಂಟರ್ನೆಟ್‌ಗೆ ಅವರವರು ಅವರವರ ಒಟಿಪಿಯಲ್ಲಿ ಪಿಜಿ ವೈಫೈ ಹಿಡಿಯುವುದು. ಕೇಬಲ್ ಕಡೆ ಗೇಟ್‌ವೇ ಕೊಡದಿದ್ದರೆ ವಿಂಡೋಸ್ ಇಂಟರ್ನೆಟ್‌ಗೆ ವೈಫೈಯನ್ನೇ ಬಳಸ್ತದೆ, ಜಗಳ ಇಲ್ಲ. ನಾಸ್ ಹೊರಗಿನವರಿಗೆ ಕಾಣುವುದೂ ಇಲ್ಲ. 2022ರಲ್ಲಿ ಡೆಡ್‌ಬೋಲ್ಟ್ ಅಂತ ಒಂದು ಬಂದಿತ್ತಲ್ಲ, ಇಂಟರ್ನೆಟ್‌ಗೆ ತೆರೆದಿಟ್ಟ ನಾಸ್‌ಗಳನ್ನೇ ಹುಡುಕಿ ಫೈಲ್ ಎಲ್ಲ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿದ್ದು. ಅದರ ನಂತರ ನನಗೆ ಭಯವೇ.


ಟ್ರೇಸಿಂಗ್_ಶೀಟ್ | ಶನಿವಾರ, ರಾತ್ರಿ 11:30

205ರವನು ನಾನು. ಕಾಕಾ ಎರಡು ಸಲ ಹೇಳಿದ್ರಲ್ಲ ಹಳದಿಗೆ ಹಾಕಬ್ಯಾಡ್ರಿ ಅಂತ, ಹಾಕಿದ ಮಹಾಪುರುಷ ನಾನೇ.

ಸಂಜೆ ರೂಟರ್ ಮಂಚದ ಕೆಳಗಿಂದ ತೆಗೆದು ಪುಸ್ತಕದ ಶೆಲ್ಫ್ ಮೇಲೆ ಇಟ್ಟೆ, ವೈಫೈ ಚೆನ್ನಾಗಿ ಸಿಗಲಿ ಅಂತ. ಕೇಬಲ್ ಎಲ್ಲ ಕಿತ್ತು ಮತ್ತೆ ಚುಚ್ಚುವಾಗ ಗೋಡೆಯದ್ದನ್ನ ಖಾಲಿ ಇದ್ದ ಮೊದಲನೇ ತೂತಿಗೆ ಹಾಕಿದೆ. ನಮಗೆ ನಾಸ್ ಓಡ್ತಾನೇ ಇತ್ತು, ಹಾಗಾಗಿ ಏನೂ ಗೊತ್ತಾಗಲಿಲ್ಲ. ಎಂಟು ಗಂಟೆಗೆ ಮ್ಯಾಚ್ ನಡೀತಾ ಇದ್ದಾಗ 201ರಿಂದ ಒಬ್ಬ ಕೂಗಿದ, ನೆಟ್ ಹೋಯ್ತು ಅಂತ. ಆಮೇಲೆ 207. ಆಮೇಲೆ ಕೆಳಗಿನ ಮಹಡಿ. ಮ್ಯಾನೇಜರ್ ಅಣ್ಣ ಮೆಟ್ಟಿಲು ಹತ್ತಿ ಬಂದು ಎಲ್ಲರ ಫೋನ್ ನೋಡ್ತಾರೆ, ಎಲ್ಲರಲ್ಲೂ ವೈಫೈ ಫುಲ್ಲು, ಇಂಟರ್ನೆಟ್ ಸೊನ್ನೆ. ಒಬ್ಬ ಸಿಎಸ್ ಹುಡುಗ ತನ್ನ ಫೋನ್ ಎತ್ತಿ ಹಿಡಿದು, "ನನಗೆ 192.168.0.106 ಬಂದಿದೆ, ಈ ಬಿಲ್ಡಿಂಗ್‌ನಲ್ಲಿ ಇದು ಯಾರ ಮನೆದು?" ಅಂದ. ನಮ್ಮ ಐವರ ಮುಖ ನೀವು ನೋಡಬೇಕಿತ್ತು.

ಕೇಬಲ್ ಕಿತ್ತ ಮೇಲೂ ಅರ್ಧ ಜನಕ್ಕೆ ನೆಟ್ ಬರಲಿಲ್ಲ. ಅದು ಯಾಕೆ ಅಂತ ದಯವಿಟ್ಟು ಹೇಳಿ, ನಾವು ಈಗಲೂ ರೂಮಿನಿಂದ ಹೊರಗೆ ಹೋಗ್ತಾ ಇಲ್ಲ.


ಕ್ರಿಂಪಿಂಗ್_ಕಾಕಾ | ರವಿವಾರ, ಬೆಳಿಗ್ಗೆ 6:45

ನಗಬಾರದು, ನಕ್ಕೆ. ನೌಕರಿ ಸೇರಿದ ಮೊದಲನೇ ವರ್ಷ ನಾನೂ ಒಂದು ಇಡೀ ಆಫೀಸ್ ಹಿಂಗ ಮಲಗಿಸೀನಿ.

ಆದದ್ದು ಇಷ್ಟ. ಹೊಸ ಫೋನ್ ಜಾಲಕ್ಕ ಬಂದ ಕೂಡಲೆ "ನನಗ ವಿಳಾಸ ಕೊಡ್ರೀ" ಅಂತ ಎಲ್ಲಾರಿಗೂ ಕೇಳೂಹಂಗ ಒದರ್ತೈತಿ. ಮೊದಲ ಯಾರು ಉತ್ತರ ಕೊಡ್ತಾರ ಸಾಮಾನ್ಯವಾಗಿ ಅವರದ್ದ ಹಿಡ್ಕೋತೈತಿ. ಪಿಜಿ ಸರ್ವರ್ ಕೆಳಗ ಎಲ್ಲೋ ಐತಿ, ನಿಮ್ಮ ರೂಟರ್ ಅಲ್ಲೇ ಮಗ್ಗಲಾಗ ಕುಂತೈತಿ, ಅದ ಮೊದಲ ಕೂಗ್ತು. ಗೆಸ್ಟ್ ಮೋಡ್ ಇದ್ರೂ ಈ ವಿಳಾಸ ಕೇಳೂ ಮಾತಿಗೆ ದಾರಿ ಬಿಡಬೇಕಾಕ್ಕೈತಿ, ಇಲ್ಲಂದ್ರ ಯಾರಿಗೂ ನೆಟ್ ಬರೂದ ಇಲ್ಲ. ಹಂಗ ಆ ಹುಡುಗ್ರಿಗೆಲ್ಲಾ ನಿಮ್ಮ 192.168.0 ವಿಳಾಸ ಹೋತು, ಗೇಟ್‌ವೇ ಅಂದ್ರ ನಿಮ್ಮ ರೂಟರ್ ಅಂತ ತಿಳದ್ವು. ವೈಫೈ ಮಂದಿಗೆ ಆ ರೂಟರ್ ಮುಟ್ಟೂಹಂಗಿಲ್ಲ, ಮುಟ್ಟಿದ್ರೂ ಅದರ ನೀಲಿ ಪೋರ್ಟ್ ಖಾಲಿ.

ಕೇಬಲ್ ಕಿತ್ತ ಮ್ಯಾಲೂ ಬರಲಿಲ್ಲ ಯಾಕಂದ್ರ, ವಿಳಾಸ ಕೊಡೂದು ಬಾಡಿಗಿ ಮ್ಯಾಲ. ಗಡುವು ಮುಗಿಯೂತನ ಫೋನ್ ಅದನ್ನ ಬಿಡೂದಿಲ್ಲ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ ಅಂತ ಖೋಲಿ ಖೋಲಿಗೆ ಹೋಗಿ ಹೇಳ್ರಿ. ಹೊರಗ ಬರ್ರಿ ಮೊದಲ.

ಮ್ಯಾನೇಜರ್‌ಗೆ ಒಂದು ಮಾತು ಹೇಳ್ರಿ: ಆ ಸ್ವಿಚ್ ಬದಲಿಸಿ ಡಿಎಚ್‌ಸಿಪಿ ಸ್ನೂಪಿಂಗ್ ಇರೂದು ಹಾಕಿದ್ರ, ಇನ್ನೊಮ್ಮೆ ಯಾರು ಹಳದಿಗೆ ಚುಚ್ಚಿದ್ರೂ ಖೋಲಿ ಕಡೆಯಿಂದ ಬರೂ ವಿಳಾಸ ಅದು ಅಲ್ಲೇ ನುಂಗ್ತೈತಿ. ನಿಮ್ಮ ರೂಟರಿನ ಮೊದಲನೇ ಹಳದಿ ತೂತಿಗೆ ಇವತ್ತ ಇನ್ಸುಲೇಶನ್ ಟೇಪ್ ಅಂಟಸ್ರಿ.


ರೂಮ್204 | ಸೋಮವಾರ, ರಾತ್ರಿ 9:00

ಟೇಪ್ ಅಂಟಿಸಿದ್ದೇವೆ. ಕೆಂಪು ಟೇಪ್.

ಓನರ್ ಅಂಕಲ್ ಹತ್ತಿರ ಐವರೂ ಹೋದೆವು. ನೆಟ್ ಹೋದ ವಿಷಯ ಎರಡೇ ನಿಮಿಷ, ಕರೆಂಟ್ ಬಿಲ್ ವಿಷಯ ಇಪ್ಪತ್ತು ನಿಮಿಷ. "ದಿನಾ 24 ಗಂಟೆ ಮೆಷಿನ್ ಓಡಿದ್ರೆ ನನ್ನ ಗತಿ ಏನು?" ಅಂತ. ನಾಸ್, ರೂಟರ್ ಎರಡೂ ಸೇರಿ 25 ವ್ಯಾಟ್ ಅಂತ ಹಿಡಿದು ಅಲ್ಲೇ ಲೆಕ್ಕ ಹಾಕಿ ತೋರಿಸಿದೆ: 24 ಗಂಟೆ, 30 ದಿನ, ತಿಂಗಳಿಗೆ 18 ಯೂನಿಟ್. ಪಿಜಿಯ 2 ಕಿಲೋವ್ಯಾಟ್ ಗೀಸರ್ ಒಂಬತ್ತು ಗಂಟೆ ಓಡಿದಷ್ಟು. ಗೀಸರ್ ಹೆಸರು ಎತ್ತಿದ್ದು ತಪ್ಪಾಯ್ತು, ಸ್ನಾನದ ಟೈಮ್ ಬಗ್ಗೆ ಇನ್ನೊಂದು ಭಾಷಣ ಆಯ್ತು. ಕೊನೆಗೆ ಒಪ್ಪಿದ್ರು. ಷರತ್ತು ಎರಡು: 18 ಯೂನಿಟ್ ದುಡ್ಡು ನಾವು ಕೊಡಬೇಕು, ಗೋಡೆಯ ಸಾಕೆಟ್ ಮುಟ್ಟಬಾರದು.

ಎರಡನೇ ಷರತ್ತಿನಿಂದ ಕಡಲತಡಿ ಮೇಡಂ ಹೇಳಿದ್ದೇ ಗಟ್ಟಿ. ಈಗ ರೂಟರ್ ಗೋಡೆಗಿಲ್ಲ, ಇಂಟರ್ನೆಟ್‌ಗೆ ಎಲ್ಲರೂ ಪಿಜಿ ವೈಫೈ. ರೂಟರ್ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ಖಾಲಿ ಬಿಡೋಕೆ ಆಗಲಿಲ್ಲ, ಹಾಗಾಗಿ ನಾಸ್‌ಗೂ ಐದು ಲ್ಯಾಪ್‌ಟಾಪಿಗೂ ಕೈಯಾರೆ 192.168.0.10ರಿಂದ 15ರವರೆಗೆ ವಿಳಾಸ ಕೊಟ್ಟು ಗೇಟ್‌ವೇ ಜಾಗ ಖಾಲಿ ಬಿಟ್ಟೆ. ಕೆಲಸ ಮಾಡ್ತಿದೆ.

ಆದ್ರೆ ಹೊಸ ತಲೆನೋವು. ಶ್ರೀರಂಗಪಟ್ಟಣದ ಸ್ನಾನಘಟ್ಟದ ಅಳತೆ ಡ್ರಾಯಿಂಗ್‌ಗೆ ತೆಗೆದ ಫೋಟೋ, ವಿಡಿಯೋ ಸೇರಿ 38 ಜಿಬಿ ಇದೆ. ಕಾಪಿ ಮಾಡಿದ್ರೆ ಒಂದು ಗಂಟೆ! ಸ್ಪೀಡ್ 11.3 ಎಂಬಿಯಲ್ಲಿ ಗೆರೆ ಎಳೆದ ಹಾಗೆ ನಿಂತುಬಿಡುತ್ತೆ. ಶಿವಮೊಗ್ಗದಲ್ಲಿ ಇದೇ ನಾಸ್ 100 ದಾಟ್ತಿತ್ತು. ಡಿಸ್ಕ್ ಏನಾದ್ರೂ ಸಾಯ್ತಾ ಇದೆಯಾ?


ಕ್ರಿಂಪಿಂಗ್_ಕಾಕಾ | ಸೋಮವಾರ, ರಾತ್ರಿ 9:25

ಸಾಯೂ ಡಿಸ್ಕ್ ಏರಿಳಿತಾ ಹೋಗ್ತೈತಿ, ನಡುನಡುವ ನಿಂತು ಬಿಡ್ತೈತಿ. ಗೆರಿ ಹೊಡದಂಗ 11ಕ್ಕ ನಿಂತ್ರ ಅದು ತಂತಿ ಮಾತು. 100 ಮೆಗಾಬಿಟ್ ಅಂದ್ರ ಲೆಕ್ಕಕ್ಕ ಸೆಕೆಂಡಿಗೆ 12.5 ಮೆಗಾಬೈಟ್, ಮ್ಯಾಲಿನ ಖರ್ಚು ಹೋಗಿ ಕೈಗೆ ಹನ್ನೊಂದು ಚಿಲ್ಲರೆ. ಗಿಗಾಬಿಟ್ ಆದ್ರ 110ರ ಆಸುಪಾಸು. ನಿಮ್ಮ ದಾರ್ಯಾಗ ಎಲ್ಲೋ ಒಂದು ಕೊಂಡಿ 100ಕ್ಕ ಸಿಕ್ಕೊಂಡೈತಿ.

ಎರಡು ನೋಡು. ರೂಟರಿನ ಕೆಳಗ ಬರದಿರೂದು ಓದು. ಸೋವಿ ರೂಟರುಗಳ ಪೋರ್ಟ್ 100ರವೇ ಇರ್ತಾವ, ಡಬ್ಬಿ ಮ್ಯಾಲ 300 ಅಂತ ದೊಡ್ಡದಾಗಿ ಬರದದ್ದು ವೈಫೈ ಲೆಕ್ಕ. ಇನ್ನ ಕೇಬಲ್ಲು. ತುದಿ ಪ್ಲಗ್ಗು ಪಾರದರ್ಶಕ ಇರ್ತೈತಲ್ಲ, ಬೆಳಕಿಗೆ ಹಿಡಿದು ಒಳಗ ಎಷ್ಟು ಬಣ್ಣದ ಎಳಿ ಅದಾವ ಎಣಸು.


ರೂಮ್204 | ಸೋಮವಾರ, ರಾತ್ರಿ 10:10

ಕಾಕಾ. ನಾಲ್ಕು. ನಾಲ್ಕೇ ಎಳೆ ಇದೆ.

205ಕ್ಕೆ ವೆಂಟಿಲೇಟರ್‌ನಿಂದ ಎಳೆದ ಉದ್ದದ ಕೇಬಲ್‌ನಲ್ಲಿ ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ಆಮೇಲೆ ಎರಡು ಖಾಲಿ ಜಾಗ, ಆಮೇಲೆ ಹಸಿರು. ನೀಲಿನೂ ಇಲ್ಲ, ಕಂದೂ ಇಲ್ಲ. ಟಾರ್ಚ್ ಹಿಡಿದು ಮೂರು ಸಲ ನೋಡಿದೆ. ಕಟ್ ಮಾಡಿಸಿ ಪ್ಲಗ್ ಹಾಕಿಸಿಕೊಂಡು ಬಂದದ್ದು ನಾನೇ, ಎಂಟೂ ಇರುತ್ತೆ ಅಂತ ನಂಬಿಕೊಂಡು. ರೂಟರ್ ಕೆಳಗೂ ನೋಡಿದೆ, ಪೋರ್ಟ್ ಎಲ್ಲಾ 10/100.


ಕ್ರಿಂಪಿಂಗ್_ಕಾಕಾ | ಸೋಮವಾರ, ರಾತ್ರಿ 10:22

ಅಂದ್ರ ಎರಡೂ ಕಳ್ಳರು. 100ಕ್ಕ ಎರಡು ಜೋಡಿ ಸಾಕು: 1, 2, 3, 6ನೇ ಪಿನ್ನು. ಗಿಗಾಬಿಟ್‌ಗೆ ನಾಕೂ ಜೋಡಿ, ಎಂಟೂ ಎಳಿ ಬೇಕ. ಒಂದು ಎಳಿ ಕಡದಿದ್ರೂ ಬಹಳ ಸಲ ಸದ್ದಿಲ್ಲದ 100ಕ್ಕ ಇಳೀತಾವ, ತಪ್ಪು ಅಂತ ಯಾರೂ ಹೇಳೂದಿಲ್ಲ. ಅದಕ್ಕ ಮಂದಿ ಡಿಸ್ಕ್ ಬದಲಿಸ್ತಾರ, ನಾಸ್ ಬದಲಿಸ್ತಾರ, ಸಣ್ಣ ಪ್ಲಗ್ ಯಾರೂ ನೋಡೂದಿಲ್ಲ.

ಐದು ಪೋರ್ಟಿನ ಗಿಗಾಬಿಟ್ ಸ್ವಿಚ್... ತಡಿ, ನಿಮಗ ನಾಸ್ ಸೇರಿ ಆರು ಬೇಕು. ಎಂಟು ಪೋರ್ಟಿಂದು ತರ್ರಿ. ಸೆಟ್ಟಿಂಗ್ ಗಿಟ್ಟಿಂಗ್ ಇಲ್ಲದ ಸಾದಾದ್ದು. ಕೇಬಲ್ ಕ್ಯಾಟ್ 6, ತಾಮ್ರದ್ದು ಅಂತ ಕೇಳಿ ತಗೋರಿ, ಅಲ್ಯುಮಿನಿಯಂ ಮ್ಯಾಲ ತಾಮ್ರ ಬಳದದ್ದು ಬ್ಯಾಡ. ರೂಟರ್ ಆ ಸೀನಿಯರ್‌ಗೆ ವಾಪಸ್ ಕೊಡ್ರಿ.


ಕಡಲತಡಿ_ಸರ್ವರ್ | ಮಂಗಳವಾರ, ಬೆಳಿಗ್ಗೆ 8:15

ಇನ್ನೊಂದು ಸೇರಿಸ್ತೇನೆ. ನಿಮ್ಮಲ್ಲಿ ಯಾರದಾದರೂ ತೆಳು ಲ್ಯಾಪ್‌ಟಾಪ್ ಇದ್ದು ಅದರಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ತಗೊಳ್ತೀರಿ ಅಲ್ವಾ. ಯುಎಸ್‌ಬಿ 2ರದ್ದು ತಂದರೆ ಗಿಗಾಬಿಟ್ ಅಂತ ಬರೆದಿದ್ದರೂ 35-40 ಎಂಬಿ ದಾಟ್ಲಿಕ್ಕಿಲ್ಲ. ಯುಎಸ್‌ಬಿ 3ರದ್ದು ನೋಡಿ. ಮತ್ತೆ ಕೇಬಲ್ ಬಾಲ್ಕನಿಯ ಹೊರಗಿಂದ ಎಳೆಯಬೇಡಿ. ನಮ್ಮೂರಿನ ಸಿಡಿಲಿಗೆ ಎಷ್ಟು ಪೋರ್ಟ್ ಸುಟ್ಟದ್ದು ನೋಡಿದ್ದೇನೆ, ಲೆಕ್ಕ ಇಲ್ಲ.


ರೂಮ್204 | ಗುರುವಾರ, ಸಂಜೆ 6:40

ಸ್ವಿಚ್ ಬಂತು, ಕೇಬಲ್ ಬಂತು (ಅಂಗಡಿಯಲ್ಲೇ ಪ್ಲಗ್ ಬೆಳಕಿಗೆ ಹಿಡಿದು ಎಂಟು ಎಣಿಸಿದೆ, ಅಂಗಡಿಯವರು ನನ್ನನ್ನ ನೋಡಿದ ರೀತಿ!). 38 ಜಿಬಿ ಆರು ನಿಮಿಷಕ್ಕೆ ಹೋಯ್ತು. 108ರಲ್ಲಿ ಓಡ್ತಿದೆ. ಅದನ್ನ ನೋಡ್ತಾ ಐವರೂ ಸುಮ್ಮನೆ ನಿಂತಿದ್ದೆವು.

ಎರಡು ಚಿಲ್ಲರೆ ತೊಂದರೆ. ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11ರ 24ಎಚ್2. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಫೋಲ್ಡರ್ ಒಂದು ಮಾಡಿದ್ದೆ, ಅದು ಅವನಿಗೆ ಮಾತ್ರ ತೆರೆಯಲ್ಲ, ಏನೋ ಸೆಕ್ಯುರಿಟಿ ಪಾಲಿಸಿ ಅನ್ನುತ್ತೆ. ಇನ್ನೊಬ್ಬನಿಗೆ ತನ್ನ ಹೆಸರಲ್ಲಿ ಲಾಗಿನ್ ಆಗೋಕೆ ಹೋದ್ರೆ 1219 ಅನ್ನೋ ಎರರ್.


ಎಲ್ಬೆ_ದಂಡೆ | ಗುರುವಾರ, ರಾತ್ರಿ 9:30

ಮೊದಲನೆಯದು ತೊಂದರೆ ಅಲ್ಲ, ವಿಂಡೋಸ್ ಈಗ ಬೇಕೆಂದೇ ಹಾಗೆ ಮಾಡುತ್ತೆ. 24ಎಚ್2 ಬಂದ ಮೇಲೆ ಪ್ರೊ ಆವೃತ್ತಿಯಲ್ಲೂ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಮೊದಲಿಂದಲೇ ಬಂದ್. ರಿಜಿಸ್ಟ್ರಿ ತಿದ್ದಿ ತೆರೆಯಿರಿ ಅಂತ ನೂರು ವಿಡಿಯೋ ಸಿಗುತ್ತೆ, ಮಾಡಬೇಡಿ. ಐದು ಜನಕ್ಕೆ ಐದು ಅಕೌಂಟ್ ಮಾಡಿ, ಐದು ನಿಮಿಷದ ಕೆಲಸ.

1219 ಅಂದ್ರೆ ಅದೇ ಲ್ಯಾಪ್‌ಟಾಪ್ ಈಗಾಗಲೇ ಬೇರೆ ಹೆಸರಲ್ಲಿ ನಾಸ್ ಒಳಗಿದೆ. ಒಂದು ಸರ್ವರ್‌ಗೆ ಎರಡು ಹೆಸರಲ್ಲಿ ಏಕಕಾಲಕ್ಕೆ ಹೋಗೋಕೆ ವಿಂಡೋಸ್ ಬಿಡಲ್ಲ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹೋಗಿ ನಾಸ್ ಹೆಸರಿನದು, ಐಪಿಯದು ಎರಡೂ ಅಳಿಸಿ, ಲಾಗೌಟ್ ಆಗಿ ಬನ್ನಿ.

ಕಟ್ಟಡದ ಡ್ರಾಯಿಂಗ್ ಮಾಡೋ ರೆವಿಟ್ ಸಾಫ್ಟ್‌ವೇರ್ ಬಳಸ್ತೀರಾದ್ರೆ ನಾಸ್ ಮೇಲಿನ ಫೈಲನ್ನ ನೇರ ತೆರೆದು ಐವರೂ ಸೇವ್ ಮಾಡೋಕೆ ಹೋಗಬೇಡಿ. ವರ್ಕ್‌ಶೇರಿಂಗ್ ಆನ್ ಮಾಡಿ ಸೆಂಟ್ರಲ್ ಫೈಲ್ ನಾಸ್‌ನಲ್ಲಿಡಿ, ಪ್ರತಿಯೊಬ್ಬರೂ ತಮ್ಮ ಲೋಕಲ್ ಪ್ರತಿಯಲ್ಲಿ ಕೆಲಸ ಮಾಡಿ ಸಿಂಕ್ ಮಾಡಿ.


ಟ್ರೇಸಿಂಗ್_ಶೀಟ್ | ಮುಂದಿನ ಮಂಗಳವಾರ, ರಾತ್ರಿ 1:15

ಮತ್ತೆ ನಾನೇ. ಬೈಯಬೇಡಿ.

ನಾಸ್‌ನಲ್ಲಿ "ಘಟ್ಟ ಫೈನಲ್" ಅಂತ ಒಂದು ಫೋಲ್ಡರ್, "ಘಟ್ಟ ಫೈನಲ್ ಹೊಸದು" ಅಂತ ಇನ್ನೊಂದು ಇತ್ತು. ಹಳೇದು ಬೇಡ ಅಂತ ಮೊದಲನೇದು ಡಿಲೀಟ್ ಮಾಡಿದೆ. ಹೊಸದರಲ್ಲಿ ಇದ್ದದ್ದು ಬರೀ ಶೀಟ್‌ಗಳು, ಫೋಟೋ ಎಲ್ಲಾ ಹಳೇದರಲ್ಲೇ ಇತ್ತಂತೆ. ಲ್ಯಾಪ್‌ಟಾಪಿನ ರೀಸೈಕಲ್ ಬಿನ್ ಖಾಲಿ. ಮಿರರ್ ಇದೆಯಲ್ಲ, ಎರಡನೇ ಡಿಸ್ಕ್‌ನಿಂದ ತೆಗೀಬಹುದಾ?


ಕಡಲತಡಿ_ಸರ್ವರ್ | ಮಂಗಳವಾರ, ಬೆಳಿಗ್ಗೆ 7:05

ಇಲ್ಲ ಮಾರಾಯ್ರೆ. ಮಿರರ್ ಅಂದ್ರೆ ಕನ್ನಡಿಯೇ. ನೀವು ಮೀಸೆ ಬೋಳಿಸಿದರೆ ಕನ್ನಡಿಯೊಳಗಿನವನಿಗೆ ಮೀಸೆ ಉಳಿಯುತ್ತದಾ? ಒಂದು ಡಿಸ್ಕ್ ಸತ್ತರೆ ಅದು ಕಾಪಾಡ್ತದೆ, ಕೈತಪ್ಪಿಗಲ್ಲ. ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಅಳಿಸಿದ್ದು ವಿಂಡೋಸ್‌ನ ಬಿನ್‌ಗೆ ಹೋಗುವುದೂ ಇಲ್ಲ. ಆ ಶೇರ್ಡ್ ಫೋಲ್ಡರ್‌ನಲ್ಲಿ ನಾಸ್‌ನದೇ ರೀಸೈಕಲ್ ಬಿನ್ ಆನ್ ಇತ್ತಾ? ಇದ್ದರೆ ಅದರೊಳಗೆ ಉಂಟು.


ರೂಮ್204 | ಮಂಗಳವಾರ, ಬೆಳಿಗ್ಗೆ 8:50

ಇರಲಿಲ್ಲ. ಫೋಲ್ಡರ್ ಮಾಡುವಾಗ ಆ ಟಿಕ್ ನಾನೇ ತೆಗೆದಿದ್ದೆ, ಜಾಗ ಉಳೀಲಿ ಅಂತ. 3.6 ಟಿಬಿ ಖಾಲಿ ಇಟ್ಕೊಂಡು ಜಾಗ ಉಳಿಸಿದ್ದೇನೆ.

ಪುಣ್ಯಕ್ಕೆ ಕ್ಯಾಮೆರಾದ ಕಾರ್ಡ್ ಯಾರೂ ಫಾರ್ಮ್ಯಾಟ್ ಮಾಡಿರಲಿಲ್ಲ. ಫೋಟೋ ಎಲ್ಲ ಸಿಕ್ತು, ವಿಡಿಯೋ ಎರಡು ಹೋಯ್ತು. ಈಗ ಬಿನ್ ಆನ್. ಒಂದು 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ನಾಸ್ ಹಿಂದೆ ಚುಚ್ಚಿ ಪ್ರತಿ ಭಾನುವಾರ ಬ್ಯಾಕಪ್ ಇಟ್ಟಿದ್ದೇವೆ, ಉಳಿದ ದಿನ ಅದು 204ರ ಬೀರುವಿನಲ್ಲಿ. ಹಳೇ ಫೋಲ್ಡರ್ ಅಳಿಸೋ ಅಧಿಕಾರ ಟ್ರೇಸಿಂಗ್_ಶೀಟ್‌ನಿಂದ ಕಿತ್ತುಕೊಂಡಿದ್ದೇವೆ, ಅವನೇ ಒಪ್ಪಿದ.

ಕರೆಂಟ್ ಹೋದಾಗ ಏನು ಅಂತ ಕೇಳಬೇಕಿತ್ತು. ಪಿಜಿ ಯುಪಿಎಸ್ ಲೈಟು, ಫ್ಯಾನಿಗೆ ಮಾತ್ರ, ಪ್ಲಗ್ ಪಾಯಿಂಟ್‌ಗೆ ಇಲ್ಲ. ನಿನ್ನೆ ಮಳೆಗೆ ಎರಡು ಸಲ ಹೋಯ್ತು.


ಕ್ರಿಂಪಿಂಗ್_ಕಾಕಾ | ಮಂಗಳವಾರ, ಸಂಜೆ 7:30

ಕಂಪ್ಯೂಟರ್‌ಗೆ ಹಾಕೂ ಸಣ್ಣ ಯುಪಿಎಸ್ ಸಾಕು, ಆದ್ರ ಯುಎಸ್‌ಬಿ ವಯರ್ ಇರೂದು ತರ್ರಿ, ನಿಮ್ಮ ನಾಸ್ ಜೊತಿ ಮಾತಾಡೂದು ಹೌದೋ ಅಂತ ಸಿನಾಲಜಿ ಪಟ್ಟಿ ನೋಡ್ರಿ. ಬ್ಯಾಟರಿ ಇಳಿಯಾಕತ್ತೈತಿ ಅಂತ ಅದು ನಾಸ್‌ಗೆ ಹೇಳ್ತೈತಿ, ನಾಸ್ ತಾನ ಫೈಲ್ ಎಲ್ಲಾ ಮುಚ್ಚಿ ಸೇಫ್ ಆಗಿ ಕುಂದರ್ತೈತಿ. ಆ ವಯರ್ ಇಲ್ಲಂದ್ರ ಹತ್ತು ನಿಮಿಷ ತಡಾ ಆಗಿ ಸಾಯ್ತೈತಿ ಅಷ್ಟ. ಪವರ್ ಸೆಟ್ಟಿಂಗ್‌ನ್ಯಾಗ "ಕರೆಂಟ್ ಬಂದ ಮ್ಯಾಲ ತಾನ ಸುರು ಆಗು" ಅನ್ನೂದಕ್ಕೂ ಟಿಕ್ ಹಾಕ್ರಿ.


ರೂಮ್204 | ಶುಕ್ರವಾರ, ರಾತ್ರಿ 10:05

ಯುಪಿಎಸ್‌ಗೆ ದುಡ್ಡು ಒಟ್ಟು ಮಾಡ್ತಾ ಇದ್ದೇವೆ. ಅಷ್ಟರಲ್ಲಿ ಹೊಸ ಗಂಡಾಂತರ. ಓನರ್ ಅಂಕಲ್ ಮೇಲೆ ಬಂದು ಪೆಟ್ಟಿಗೆ ನೋಡಿ, "ಇದರಲ್ಲಿ ನಮ್ಮ ಸಿಸಿಟಿವಿ ರೆಕಾರ್ಡಿಂಗ್ ಇಡಬಹುದಾ? ಎಂಟೇ ಕ್ಯಾಮೆರಾ" ಅಂದ್ರು. ಕರೆಂಟ್ ದುಡ್ಡು ಬಿಡ್ತಾರಂತೆ. ಏನು ಹೇಳಲಿ?


ಕ್ರಿಂಪಿಂಗ್_ಕಾಕಾ | ಶುಕ್ರವಾರ, ರಾತ್ರಿ 10:30

ಲೆಕ್ಕಾ ತೋರಸು, ಗೀಸರ್ ಹೆಸರು ತಗೀಬ್ಯಾಡ. ಒಂದು ಕ್ಯಾಮೆರಾ 2 ಮೆಗಾಬಿಟ್ ಅಂತ ಹಿಡದ್ರೂ ಎಂಟಕ್ಕ ಸೆಕೆಂಡಿಗೆ 2 ಮೆಗಾಬೈಟ್. ದಿನಕ್ಕ 170 ಜಿಬಿ ಮ್ಯಾಲ. ಮೂರು ವಾರಕ್ಕ ನಿಮ್ಮ ಡಿಸ್ಕ್ ತುಂಬಿ ಉಸಿರುಕಟ್ತೈತಿ. ಮತ್ತ ಕ್ಯಾಮೆರಾ ಅವರ ಜಾಲದಾಗ ಅದಾವ, ನಾಸ್ ನಿಮ್ಮ ಸ್ವಿಚ್ಚಿನ್ಯಾಗ ಐತಿ, ಕೂಡಿಸಬೇಕಂದ್ರ ಗ್ವಾಡಿ ಸಾಕೆಟ್ ಮುಟ್ಟಬೇಕು. ಮುಟ್ಟಬಾರದು ಅಂತ ಅವರ ಹೇಳ್ಯಾರ.


ರೂಮ್204 | ಶನಿವಾರ, ಬೆಳಿಗ್ಗೆ 11:20

ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ಬಿಡಿ, ಮಗಳ ಮದುವೆ ವಿಡಿಯೋ ಆದ್ರೂ ಇಡಿ, ಸಿಡಿ ಎಲ್ಲಾ ಕೆಟ್ಟು ಹೋಗ್ತಿದೆ" ಅಂದ್ರು. ಆರನೇ ಅಕೌಂಟ್ ಮಾಡಿದೆ, 50 ಜಿಬಿ ಕೋಟಾ ಹಾಕಿ. ಮಧ್ಯಾಹ್ನ ವಿಡಿಯೋ ತಂದುಕೊಟ್ಟರೆ ಹಾಕ್ತೀನಿ ಅಂದೆ. ಈಗಷ್ಟೇ ಬಾಗಿಲು ತಟ್ಟಿ ಕೊಟ್ಟು ಹೋದ್ರು, ಪೆನ್‌ಡ್ರೈವ್‌ನಲ್ಲಿ.